ಶ್ರಾವಣದಲ್ಲಿ ಹುರಿದ ರಾಗಿ

ನಮ್ಮ ಬಾರಿನ ಯಜಮಾನರ ದನಿಯನ್ನು ಅಣಕಿಸಿ ತೆಗೆಯುವುದು ಬಲು ಸುಲಭ. ನೆಗಡಿಯಾದವರಂತೆ ಮೂಗಿನ ಮೇಲೆ ಒಂದಿಷ್ಟು ಭಾರ ಹೇರಿಕೊಂಡು, ಪ್ರತಿ ಮಾತಿನ ಬಾಲಕ್ಕೂ ಒಂದು "ತಿಳೀತಾ?" ಕಟ್ಟಿದರೆ ಆಯಿತು. ನನ್ನ ಕಸುಬೇ ಅದು. ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆ ಹೊರಟರೆ ಹೈವೇ ಪಕ್ಕದಲ್ಲಿ ಬಿಯರನ್ನು ಅಲ್ಲೇ ಕಾಯಿಸಿ, ಅಲ್ಲೇ ಹುದುಗಿಸಿ, ಅಲ್ಲೇ ನಲ್ಲಿ ತಿರುಗಿಸಿ ಕೊಡುವ ಒಂದು ಜಾಗ ಇದೆ. ಗಾಜಿನ ಗೋಡೆಯ ಆಚೆ ಸ್ಟೀಲಿನ ಟ್ಯಾಂಕುಗಳು, ಈಚೆ ಮೇಜುಗಳು. ವಾರವೆಲ್ಲ ನಾನು ಮೇಜುಗಳ ನಡುವೆ ಗ್ಲಾಸು ಹೊರುತ್ತೇನೆ. ಭಾನುವಾರ ಮೈಕು ಹಿಡಿದು, ಬಂದವರ ದನಿಗಳನ್ನು ಅವರಿಗೇ ವಾಪಸು ಕೊಡುತ್ತೇನೆ. ಎರಡಕ್ಕೂ ಸೇರಿ ಒಂದೇ ಸಂಬಳ. ಯಜಮಾನರ ಪ್ರಕಾರ ಎರಡನೆಯದು ನನ್ನ ಚಟ.

ದನಿ ತೆಗೆಯುವವನಿಗೆ ನಮ್ಮ ಜಿಲ್ಲೆಯಂಥ ಜಿಲ್ಲೆ ಇಲ್ಲ. ಹೊಸದುರ್ಗದವರು ಗುಂಪಾಗಿ ಬಂದು, ಒಂದೇ ಮೆನು ಕಾರ್ಡಿಗೆ ಆರು ತಲೆ ಬಗ್ಗಿಸಿ ಪರೀಕ್ಷೆಗೆ ಓದಿದಂತೆ ಓದಿ, ಕೊನೆಗೆ ಹೋದ ಸಲ ಕುಡಿದದ್ದನ್ನೇ ಹೇಳುತ್ತಾರೆ. ಹಿರಿಯೂರಿನವರು ಕನ್ನಡದಲ್ಲಿ ಕೂತು ಎರಡನೇ ಗ್ಲಾಸಿಗೆ ತೆಲುಗಿನಲ್ಲಿ ಏಳುತ್ತಾರೆ. ದುರ್ಗದವರು, ಅಂದರೆ ಚಿತ್ರದುರ್ಗ ಪಟ್ಟಣದವರು, ಒಳಗೆ ಬರುತ್ತಿದ್ದಂತೆಯೇ ಇದಕ್ಕಿಂತ ಚೆನ್ನಾಗಿರೋ ಜಾಗ ನೋಡಿದೀವಿ ಅನ್ನುತ್ತಾರೆ. ಬಾಗಿಲು ಹಾಕುವಾಗ ಎಬ್ಬಿಸಿ ಕಳಿಸಬೇಕಾದವರೂ ಅವರೇ. ನಾನು ಹೊಳಲ್ಕೆರೆ ತಾಲೂಕಿನ ಬಿ.ದುರ್ಗದವನು. ಆ ಕಡೆಯವರಾದ ನಾವು ಎಲ್ಲರನ್ನೂ ಆಡಿಕೊಂಡು, ನಮ್ಮನ್ನು ಯಾರಾದರೂ ಆಡಿಕೊಂಡರೆ ಮುಖ ಊದಿಸಿ ಕೂರುತ್ತೇವೆ. ಬೇಕಾದರೆ ನನ್ನನ್ನೇ ಪರೀಕ್ಷಿಸಿ.

ಹೊಳಲ್ಕೆರೆಯಿಂದ ಒಬ್ಬ ರಿಟೈರಾದ ಪಿ.ಟಿ. ಮೇಷ್ಟ್ರು ಬರುತ್ತಿದ್ದರು. ಅವರ ಹಿಂದೆ ಅವರದೇ ಹಳೇ ಶಿಷ್ಯರ ದಂಡು. ಮೇಷ್ಟ್ರು ಗ್ಲಾಸು ಎತ್ತದೆ ಆ ದಂಡು ಎತ್ತುವುದಿಲ್ಲ. ಮೇಷ್ಟ್ರು ಕೆಳಗಿಟ್ಟರೆ ಎಲ್ಲರೂ ಕೆಳಗೆ. ಅವರಿಗೆ ನಮ್ಮ ಬಿಯರಿನ ಮೇಲೆ ಇದ್ದದ್ದು ಒಂದೇ ಆಕ್ಷೇಪ, ನೊರೆ.

"ಏನಪ್ಪ, ಇದೇನು ಹಾಲಿನ ಡೇರಿನಾ? ನೊರೆ ತೋರ್ಸಿ ಅಳತೆ ಹೊಡಿತೀರಾ? ಹೋಗ್, ತುಂಬ್ಸ್ಕಂಡ್ ಬಾ."

ಅದನ್ನು ಕೇಳಿ ಗಾಜಿನ ಆಚೆಯಿಂದ ಅಕ್ಕ ಬಂದಳು. ಅಕ್ಕ ಅಂದರೆ ನಮ್ಮಲ್ಲಿ ಬಿಯರ್ ಕಾಯಿಸುವವಳು. ಹೊಸದುರ್ಗದ ಕಡೆಯ ರೈತರ ಮನೆ ಹೆಣ್ಣುಮಗಳು, ಆಹಾರ ತಂತ್ರಜ್ಞಾನ ಓದಿದವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಕಾಲಿಗೆ ಮಂಡಿಯುದ್ದದ ರಬ್ಬರ್ ಬೂಟು, ತಲೆಗೆ ಬಲೆಯ ಟೋಪಿ. ನೊರೆ ನಿಂತರೆ ಬಿಯರು ಆರೋಗ್ಯವಾಗಿದೆ ಎಂದರ್ಥ ಅಂತ ಅವಳು ಸಮಾಧಾನದಿಂದ ವಿವರಿಸಿದಳು. ಮೇಷ್ಟ್ರು ಅಷ್ಟೇ ಸಮಾಧಾನದಿಂದ ಕೇಳಿಸಿಕೊಂಡರು.

"ನಮ್ಮನೆ ಎಮ್ಮೆನೂ ಆರೋಗ್ಯವಾಗೇ ಐತೆ ಕಣಮ್ಮ. ನೊರೆ ಇಳಿಯಗಂಟ ಕಾದೇ ನಾವು ಹಾಲು ಅಳೆಯೋದು."

ಶಿಷ್ಯರು ನಕ್ಕರು. ಅಕ್ಕನೂ ನಕ್ಕಳು, ಆದರೆ ಒಳಗೆ ಬಂದು ನನ್ನ ಹತ್ತಿರ ಹೇಳಿದ್ದು ಬೇರೆ. "ಅವ್ರು ಹೇಳೋದು ನ್ಯಾಯನೇ ಕಣೋ. ನಾವು ಕೊಡ್ತಿರೋದು ಎಲ್ಲಿದೋ ಬಾರ್ಲಿ. ಈ ಕಡೆ ಬಾರ್ಲಿ ಅಂದ್ರೆ ಉರಿಮೂತ್ರಕ್ಕೆ ಡಾಕ್ಟ್ರು ಬರೆಯೋದು. ಇವ್ರು ತಿಂದು ಬೆಳ್ದಿರೋದು ರಾಗಿ. ರಾಗಿ ಬಿಯರ್ ಮಾಡ್ಬೇಕು."

ಇದನ್ನು ಅವಳು ಯಜಮಾನರಿಗೆ ಎಷ್ಟು ಸಲ ಹೇಳಿದ್ದಳೋ, ಯಜಮಾನರು ಅಷ್ಟೂ ಸಲ "ಮುದ್ದೆನ ಯಾರಾದ್ರೂ ಗ್ಲಾಸಲ್ಲಿ ಹಾಕ್ಕೊಂಡ್ ಕುಡೀತಾರಾ, ತಿಳೀತಾ?" ಅಂದಿದ್ದರು. ಆದರೆ ಶ್ರಾವಣ ಬಂತು. ನಮ್ಮ ಕಡೆ ಶ್ರಾವಣ ಹಿಡಿಯಿತೆಂದರೆ ಬಾಡೂ ಇಲ್ಲ, ಬಾಟಲಿಯೂ ಇಲ್ಲ. ಹನ್ನೊಂದು ತಿಂಗಳು ತೇಲಾಡುವವರೂ ಹಣೆತುಂಬ ವಿಭೂತಿ ಬಳಿದುಕೊಂಡು, ಬಾರಿನ ಮುಂದೆ ಹಾದು ಹೋಗುವಾಗ ಮುಖ ಆಚೆ ತಿರುಗಿಸುತ್ತಾರೆ. ನಮ್ಮ ಮೇಜುಗಳು ಬಿಕೋ ಅನ್ನುತ್ತವೆ. ಟ್ಯಾಂಕುಗಳು ಸುಮ್ಮನೆ ನಿಂತಿರುತ್ತವೆ. ಹೇಗೂ ಖಾಲಿ ಎಂದು ಯಜಮಾನರು ಒಪ್ಪಿದರು. ಒಪ್ಪಿದ್ದಕ್ಕೆ ಕರಾರನ್ನೂ ಹಾಕಿದರು.

"ಒಂದೇ ಟ್ಯಾಂಕು. ಶ್ರಾವಣ ಮುಗಿದ ಮೊದಲ್ನೇ ಭಾನುವಾರ ಇಳಿಸ್ತೀಯ. ಅವತ್ತು ಜನ ಕುಡಿದು ಖಾಲಿ ಮಾಡಿದ್ರೆ, ಬೋರ್ಡ್ ಮೇಲೆ ಬರೀತೀವಿ, ವರ್ಷವೆಲ್ಲ ಮಾಡು. ಮಾಡ್ಲಿಲ್ಲಾಂದ್ರೆ ಆಮೇಲೆ ನನ್ನ ಮುಂದೆ ರಾಗಿ ಅನ್ನೋ ಹೆಸರು ಎತ್ತಂಗಿಲ್ಲ. ತಿಳೀತಾ?"

ಅಕ್ಕನಿಗೆ ತಿಳಿಯಿತು. ಅವತ್ತಿನಿಂದ ಅವಳ ಊಟ ಅರ್ಧವಾಯಿತು.

ರಾಗಿ ಬಿಯರಿಗೆ ಮೊದಲು ಬೇಕಾದದ್ದು ಮೊಳಕೆ ಬಂದ ರಾಗಿ. ಮೊಳಕೆ ಕಾಳಿನ ಹಿಟ್ಟನ್ನು ಹದವಾದ ಬಿಸಿನೀರಿನಲ್ಲಿ ನೆನೆಯಲು ಬಿಟ್ಟರೆ ಅದು ತನ್ನಷ್ಟಕ್ಕೆ ಸಿಹಿಯಾಗುತ್ತದಂತೆ. ಆ ಸಿಹಿನೀರನ್ನು ಯೀಸ್ಟ್ ತಿಂದು ಬಿಯರ್ ಮಾಡುತ್ತದೆ. ಇಷ್ಟು ಕೇಳಿದ್ದೇ ನಾನು ಹೇಳಿದೆ, "ಅಕ್ಕ, ಮೊಳಕೆ ರಾಗಿಗೆ ನೀನು ಊರೂರು ಸುತ್ತಬೇಕಾ? ನಮ್ಮವ್ವ ಇಲ್ವಾ?"

ನಮ್ಮವ್ವ ಮತ್ತು ಓಣಿಯ ಏಳೆಂಟು ಹೆಂಗಸರು ಸೇರಿ ಕೂಸುಗಳಿಗೆ ರಾಗಿ ಸರಿಹಿಟ್ಟು ಮಾಡಿ ಸಂತೆಗೆ ಕೊಡುತ್ತಿದ್ದರು. ಆ ಸುತ್ತಿನ ಊರುಗಳಲ್ಲಿ ಹಲ್ಲು ಬಂದ ಕೂಸು ಯಾವುದೇ ಇರಲಿ, ಅದು ನಮ್ಮವ್ವನ ಹಿಟ್ಟು ತಿಂದೇ ಹಲ್ಲು ಬರಿಸಿಕೊಂಡಿರುತ್ತದೆ. ನಾನು ಆ ಹಿಟ್ಟಿನ ಮೊದಲ ಗಿರಾಕಿ. ಇದರಿಂದ ಹಿಟ್ಟಿಗೆ ಏನೂ ಕೆಟ್ಟ ಹೆಸರು ಬಂದಿಲ್ಲ.

ಅಕ್ಕನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಿ.ದುರ್ಗಕ್ಕೆ ಹೋದೆ. ಪಡಸಾಲೆಯಲ್ಲಿ ಹೆಂಗಸರೆಲ್ಲ ಸೇರಿದ್ದರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮೊರದಲ್ಲಿ ರಾಗಿ. "ಬರ್ರಿ, ಕುಂತ್ಕಳ್ರಿ" ಅಂದಳು ಅವ್ವ. ಅಕ್ಕ ಕೂರುವುದಕ್ಕೂ ಮುಂಚೆಯೇ ಹೇಳಿಬಿಟ್ಟಳು.

"ಅಮ್ಮ, ಮೊಳಕೆ ರಾಗಿ ಬೇಕಿತ್ತು. ಇದು ಬಿಯರ್‌ಗೆ. ಮುಚ್ಚಿಟ್ಟು ತಗೊಳೋದಿಲ್ಲ ನಾನು."

ಪಕ್ಕದ ಮನೆ ಚಿಕ್ಕಮ್ಮ ಮೊರ ಕೆಳಗಿಟ್ಟಳು. "ಅಯ್ಯೋ ಶಿವನೇ! ಕೂಸಿನ ಸರಿಹಿಟ್ಟನ್ನ ಕುಡುಕ್ರಿಗೆ ಉಣ್ಸೋದಾ?"

ನಮ್ಮವ್ವ ತಲೆ ಎತ್ತಲಿಲ್ಲ, ಕಲ್ಲು ಆರಿಸುತ್ತಲೇ ಅಂದಳು, "ಆ ಕೂಸೇ ಅಲ್ಲೇನೆ ದೊಡ್ಡದಾಗಿ ಅಲ್ಲಿಗೆ ಹೋಗಿ ಕೂರೋದು? ಮೊಳಕೆ ಕಟ್ಟೋದು ನಮ್ಮ ಕೆಲಸ. ಆಮೇಲೆ ಅದು ಕೂಸಿನ ಹೊಟ್ಟೆಗಾದ್ರೂ ಹೋಗ್ಲಿ, ಕೂಸಿನ ಅಪ್ಪನ ಹೊಟ್ಟೆಗಾದ್ರೂ ಹೋಗ್ಲಿ."

"ಅವ್ವ, ನಾನು ಅಲ್ಲಿ ಕೊಡೋನು ಅಷ್ಟೇ, ಕುಡಿಯೋನಲ್ಲ," ಅಂದೆ.

"ನಾನೇನ್ ಕೇಳಿದ್ನೇನೋ? ಕೇಳ್ದೆ ಯಾಕೆ ಹೇಳ್ತೀಯಾ?"

ಪಡಸಾಲೆಯೆಲ್ಲ ನಕ್ಕಿತು. ಎಲ್ಲರನ್ನೂ ನಗಿಸಿ ಬದುಕುವವನಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ. ಅಕ್ಕ ತನಗೆ ಬೇಕಾದ್ದನ್ನು ಬಿಡಿಸಿ ಹೇಳಿದಳು. ನೆನೆ ಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಕೊಡಬೇಕು. ಹುರಿಯಬಾರದು. ಹೆಂಗಸರೆಲ್ಲ ಆಗಲಿ ಆಗಲಿ ಎಂದು ತಲೆಯಾಡಿಸಿದರು.

ಶ್ರಾವಣದ ಮೊದಲ ವಾರದಲ್ಲೇ ಮೂಟೆಗಳು ಟೆಂಪೋದಲ್ಲಿ ಬಂದವು. ಟೆಂಪೋ ಗೇಟಿನ ಹತ್ತಿರ ಇರುವಾಗಲೇ ನನಗೆ ವಾಸನೆ ಬಂತು. ಎಂಥ ಘಮ ಅಂತೀರಿ! ನಾನು ಮೂಟೆ ಹೊತ್ತು ಕುಣಿಯುತ್ತಾ ಒಳಗೆ ಬಂದೆ. ಅಕ್ಕ ಮೂಟೆ ಬಿಚ್ಚಿ, ಒಂದು ಹಿಡಿ ತೆಗೆದು ಮೂಸಿ, ಹಲ್ಲಿನಲ್ಲಿ ಒಂದೆರಡು ಕಾಳು ಕಡಿದಳು. ಆಮೇಲೆ ಅದೇ ಮೂಟೆಯ ಮೇಲೆ ಕೂತುಬಿಟ್ಟಳು.

ಹುರಿದಿದ್ದರು. ಮೊಳಕೆಯೊಳಗೆ ಹಿಟ್ಟನ್ನು ಸಿಹಿ ಮಾಡುವ ಒಂದು ಶಕ್ತಿ ಇರುತ್ತದಲ್ಲ, ಬಾಣಲೆ ಮುಟ್ಟಿದರೆ ಅದು ಸತ್ತುಹೋಗುತ್ತದೆ. ಇನ್ನು ಅದರಿಂದ ಆಗುವುದು ಅಂಬಲಿ. ಬಿಯರ್ ಆಗುವುದಿಲ್ಲ.

ಅಲ್ಲಿಂದಲೇ ಅವ್ವನಿಗೆ ಫೋನು ಮಾಡಿ, ಸ್ಪೀಕರ್ ಹಾಕಿದೆ.

"ಅವ್ವ, ರಾಗಿ ಹುರಿದ್ರಾ?"

"ಇಲ್ಲಪ್ಪ."

"ಮತ್ತೆ ಈ ವಾಸ್ನೆ?"

"ಹುರಿದಿಲ್ಲ ಕಣೋ. ಬೆಚ್ಚಗೆ ಮಾಡಿದೀವಿ."

"ಎಷ್ಟು ಬೆಚ್ಚಗೆ?"

"ಘಮ ಬರಗಂಟ."

ಹಿಂದಿನಿಂದ ಚಿಕ್ಕಮ್ಮನ ದನಿ ನುಗ್ಗಿತು. "ಬಿಸ್ಲೇ ಇಲ್ಲ, ಹಸಿ ಮೊಳಕೆ ಕೊಟ್ರೆ ಹೊಟ್ಟೆ ಕಡಿಯಲ್ವೇನೋ? ನಾಳೆ ಕುಡಿದೋರೆಲ್ಲ ಹೊಟ್ಟೆ ಹಿಡ್ಕಂಡು ಮಕ್ಕಂಡ್ರೆ ನಿನ್ನ ಬಾರಿಗೇ ಕೆಟ್ಟ ಹೆಸರು. ನಿನ್ ಸಲುವಾಗಿ ಮಾಡಿದೀವಿ ಕಣ್ಲೇ!"

ಕೂಸುಗಳಿಗೆ ಅಂತ ಜೀವಮಾನವೆಲ್ಲ ಹುರಿದ ಕೈಗಳು ಅವು. ಹುರಿಯಬೇಡಿ ಅಂದರೆ, ಜಾಸ್ತಿ ಹುರಿಯಬೇಡಿ ಅಂತಲೇ ಆ ಕೈಗಳು ಅರ್ಥ ಮಾಡಿಕೊಳ್ಳುವುದು. ಕುಡುಕರ ಹೊಟ್ಟೆಯನ್ನೂ ಕೂಸಿನ ಹೊಟ್ಟೆಯಂತೆ ಕಾದಿದ್ದರು ಅವರು.

ಅಕ್ಕ ಫೋನು ಇಸಿದುಕೊಂಡಳು. "ಅಮ್ಮ, ಇನ್ನೊಂದ್ಸಲ ಕಟ್ಕೊಡ್ತೀರಾ? ಈಗ್ಲೇ ನೆನೆ ಹಾಕಿದ್ರೆ ಶ್ರಾವಣ ಮುಗಿದ ಭಾನುವಾರಕ್ಕೆ ಬಿಯರ್ ಹದ ಆಗೋಕೆ ಅಷ್ಟಿಷ್ಟು ಟೈಮ್ ಸಿಗುತ್ತೆ. ತಡ ಆದ್ರೆ ಇಲ್ಲ."

"ಕಟ್ಟೋಕೇನು? ಒಣಗ್ಸೋದೆಲ್ಲಿ ಹೇಳು. ಇಲ್ಲಿ ಸೋನೆ ಬಿಟ್ಟಿಲ್ಲ."

ಅಕ್ಕ ಸುತ್ತ ನೋಡಿದಳು. ಟ್ಯಾಂಕು, ಮೇಜು, ಕುರ್ಚಿ, ಅದರಾಚೆ ಹುಟ್ಟುಹಬ್ಬ ಗಿಟ್ಟುಹಬ್ಬಕ್ಕೆ ಬಾಡಿಗೆಗೆ ಕೊಡುವ ಪಾರ್ಟಿ ಹಾಲ್. ಶ್ರಾವಣಕ್ಕೆ ಅದಕ್ಕೂ ಬೀಗ. ಒಳಗೆ ಸಾಲಾಗಿ ನಿಂತ ಪೆಡೆಸ್ಟಲ್ ಫ್ಯಾನುಗಳು. "ಇಲ್ಲಿಗೇ ಬರ್ರಿ," ಅಂದಳು.

ಬಂದರು. ಮೊಳಕೆಯ ಗಂಟುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅಷ್ಟೂ ಹೆಂಗಸರು ಟೆಂಪೋದಲ್ಲಿ ಬಂದಿಳಿದರು. ಚಿಕ್ಕಮ್ಮ ಬಾಗಿಲಲ್ಲಿ ನಿಂತು, ಬಲಗಾಲು ಇಡಬೇಕೋ ಎಡಗಾಲೋ ಎಂದು ಕೇಳಿದಳು. "ಬಾರಿಗೆ ಬರೋರು ಎರಡೂ ಕಾಲು ಇಟ್ಟೇ ಬರ್ತಾರೆ ಚಿಕ್ಕಮ್ಮ, ಹೋಗುವಾಗ ಮಾತ್ರ ಯಾವ ಕಾಲು ಅಂತ ಗೊತ್ತಾಗಲ್ಲ" ಅಂದೆ. ಬೆನ್ನಿಗೆ ಒಂದು ಬಿತ್ತು. ಬಿಳಿ ಮೇಜುಬಟ್ಟೆಗಳನ್ನು ನೆಲಕ್ಕೆ ಹಾಸಿ ರಾಗಿ ಹರಡಿದೆವು. ಬಣ್ಣದ ದೀಪದ ಚೆಂಡಿನ ಕೆಳಗೆ, ಡಿ.ಜೆ. ಡಬ್ಬಿಗಳ ಪಕ್ಕದಲ್ಲಿ, ಕೂಸಿನ ಹಿಟ್ಟಿನ ರಾಗಿ. ಫ್ಯಾನುಗಳು ಹಗಲೆಲ್ಲ ತಿರುಗಿದವು. ಹೆಂಗಸರು ಸಾಲಾಗಿ ಕೂತು ಬೆರಳಾಡಿಸುತ್ತಾ, ಬೇಸರ ಕಳೆಯಲು ಶಿವನ ಹಾಡು ಹೇಳತೊಡಗಿದರು.

ಅಷ್ಟರಲ್ಲಿ ಗೇಟಿನಲ್ಲಿ ಹಾರನ್ ಕೇಳಿತು. ಯಜಮಾನರು! ಮಠದ ಪರಮ ಭಕ್ತರಾದ ಅವರು ಶ್ರಾವಣದಲ್ಲಿ ತಮ್ಮ ಬಾರಿನ ಹೊಸ್ತಿಲನ್ನು ತಾವೇ ತುಳಿಯುವುದಿಲ್ಲ. ಕಾರನ್ನು ಗೇಟಿನಾಚೆ ನಿಲ್ಲಿಸಿ, ಗಾಜು ನಾಲ್ಕು ಬೆರಳಿಳಿಸಿ ವ್ಯವಹಾರ. ನಾನು ಓಡಿದೆ.

"ಏನೋ ಅದು, ಒಳಗೆ ಹೆಂಗಸ್ರ ದನಿ?"

ಏನು ಹೇಳಲಿ? ಪಾರ್ಟಿ ಹಾಲ್ ತುಂಬ ರಾಗಿ ಹರಡಿದ್ದೇವೆ ಅಂದರೆ ನನ್ನನ್ನು ಅದೇ ಬಟ್ಟೆಯ ಮೇಲೆ ಹರಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹಾಡು ಇನ್ನೊಂದು ಸುತ್ತು ಮೇಲೇರಿತು. ಯಜಮಾನರು ಕಿವಿಗೊಟ್ಟು ಕೇಳಿದರು. ನೋಡನೋಡುತ್ತಲೇ ಅವರ ಎರಡೂ ಕೈ ಸ್ಟಿಯರಿಂಗ್ ಬಿಟ್ಟು ಜೋಡಿಸಿಕೊಂಡವು.

"ಶ್ರಾವಣದಾಗೆ ನಮ್ಮ ಜಾಗದಲ್ಲಿ ಭಜನೆ ಇಡ್ಸಿದ್ದೀಯಲ್ಲೋ! ನಿನಗೂ ಬುದ್ಧಿ ಬಂತಾ?"

"ಬಂತು ಸಾರ್," ಅಂದೆ. ಇಂಥ ಹೊತ್ತಲ್ಲಿ ವಾದಿಸುವಷ್ಟು ದಡ್ಡ ನಾನಲ್ಲ.

ಬಿಯರ್ ಕಾಯಿಸುವ ದಿನ ಬಂತು. ಗಾಳಿಗೆ ಒಣಗಿದ ರಾಗಿ ಗರಿಗರಿಯಾಗಿ, ಹಸಿಮಣ್ಣಿನ ವಾಸನೆ ಹೊಡೆಯುತ್ತಿತ್ತು. ಮೂಲೆಯಲ್ಲಿ ಹಳೇ ಹುರಿದ ಮೂಟೆಗಳು ಹಾಗೇ ಬಿದ್ದಿದ್ದವು. ಅಕ್ಕ ಎರಡರ ನಡುವೆ ಬಹಳ ಹೊತ್ತು ಓಡಾಡಿದಳು. ಒಂದು ಹಿಡಿ ಇದನ್ನು ಮೂಸುವಳು, ಒಂದು ಹಿಡಿ ಅದನ್ನು. ಕೊನೆಗೆ ಹುರಿದ ಮೂಟೆ ತೋರಿಸಿ, "ಇದ್ರಾಗೂ ಒಂದು ಪಾಲು ಹಾಕು," ಅಂದಳು.

"ಅಕ್ಕ! ಇದು ಸತ್ತಿದೆ ಅಂದೆಯಲ್ಲ?"

"ಸಿಹಿ ಕೊಡಲ್ಲ ಅಂದೆ. ವಾಸ್ನೆ ಕೊಡಲ್ಲ ಅಂದ್ನಾ? ಸಿಹಿಗೆ ಹಸಿ ರಾಗಿ ಐತೆ, ಜತೆಗೊಂದಿಷ್ಟು ಬಾರ್ಲಿ ಐತೆ. ಘಮಕ್ಕೆ ಇದು."

"ಕೆಟ್ರೆ?"

"ಕೆಟ್ರೆ ನಾಳೆಯಿಂದ ಬಾರ್ಲಿ ನೀರು ಕಾಯಿಸ್ಕಂಡಿರ್ತೀನಿ. ನೀನು ಹಾಕು."

ಹಾಕಿದೆ. ದೊಡ್ಡ ಕಡಾಯಿಯಲ್ಲಿ ಹಿಟ್ಟು ಕಲಸಿದ ಗಂಜಿ ಕುದಿಯದಂತೆ, ಆರದಂತೆ, ಹದವಾದ ಬಿಸಿಯಲ್ಲಿ ಕೂತಿತು. ಹಿಟ್ಟು ಸಿಹಿಯಾಯಿತೋ ಇಲ್ಲವೋ ಎಂದು ನೋಡಲು ಅಕ್ಕನ ಬಳಿ ಒಂದು ಉಪಾಯ ಇತ್ತು. ಬಿಳಿ ಸಾಸರಿನಲ್ಲಿ ಒಂದು ಚಮಚ ಗಂಜಿನೀರು ಹಾಕಿ, ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಬಿಡುವುದು. ಹನಿ ಕಪ್ಪುನೀಲಿಗೆ ತಿರುಗಿದರೆ ಅದಿನ್ನೂ ಹಿಟ್ಟು. ಬಣ್ಣ ತಿರುಗದಿದ್ದರೆ ಸಿಹಿ.

ಮೊದಲ ಹನಿ ಮಸಿಯಾಯಿತು. ಎರಡನೆಯದೂ ಮಸಿ. ಅಡುಗೆಮನೆಯವರು, ಗೇಟಿನವನು, ಎಲ್ಲ ಬಂದು ಸಾಸರಿನ ಸುತ್ತ ನಿಂತರು. ನಾನು ಜ್ಯೋತಿಷಿಯ ದನಿಯಲ್ಲಿ "ನೀಲಿ ಶನಿ ಕಾಣ್ತಾ ಅವ್ನೆ ತಾಯಿ" ಅಂದೆ. ಯಾರೂ ನಗಲಿಲ್ಲ. ಅಕ್ಕ ಬಿಸಿಯನ್ನು ಒಂದು ಚೂರು ತಿದ್ದಿ, ಕಾದಳು. ಮತ್ತೆ ಒಂದು ಹನಿ. ಅದು ಸಾಸರಿನಲ್ಲಿ ಹರಡಿತು. ಕಂದಾಗಿಯೇ ಇತ್ತು. ನಾವು ಬಗ್ಗಿ ನೋಡಿದೆವು. ಕಂದೇ. ಅಕ್ಕ ಬೆರಳದ್ದಿ ನೆಕ್ಕಿದಳು, ನನಗೂ ಕೊಟ್ಟಳು. ಬೆಲ್ಲ ಹಾಕದ ಗಂಜಿ ಬೆಲ್ಲದಂತಿತ್ತು. ಗೇಟಿನವನು ಚಪ್ಪಾಳೆ ತಟ್ಟಿದ.

ಆಮೇಲೆ ಸಿಹಿನೀರನ್ನು ಸೋಸಿ, ಕುದಿಸಿ, ಆರಿಸಿ ಟ್ಯಾಂಕಿಗೆ ತುಂಬಿ, ಬಾಯಿ ಮುಚ್ಚಿ, ಯೀಸ್ಟಿಗೆ ಬಿಟ್ಟು ಕಾಯುವುದೊಂದೇ ಉಳಿಯಿತು. ಅಕ್ಕ ಬಂದು ಬಂದು ಟ್ಯಾಂಕಿಗೆ ಕಿವಿ ಹಚ್ಚುತ್ತಿದ್ದಳು, ಬಸುರಿಯ ಹೊಟ್ಟೆಗೆ ಹಚ್ಚಿದಂತೆ.

ಶ್ರಾವಣ ಮುಗಿಯಿತು. ಮೊದಲ ಭಾನುವಾರ ಮಧ್ಯಾಹ್ನಕ್ಕೇ ಜನ ನುಗ್ಗಿದರು. ಒಂದು ತಿಂಗಳ ದಾಹ, ಒಂದು ತಿಂಗಳ ಬಾಡಿನ ಆಸೆ. ಯಜಮಾನರು ರೇಷ್ಮೆ ಶರಟು ಹಾಕಿ ಕೌಂಟರಿನ ಪಕ್ಕ ನಿಂತರು. ನಾನು ವಾರದಿಂದ ತಯಾರಿ ಮಾಡಿದ್ದೆ. ನಾಲ್ಕು ತಾಲೂಕುಗಳ ದನಿಯಲ್ಲಿ ರಾಗಿ ಬಿಯರನ್ನು ಹೊಗಳುವ ಒಂದು ಕಾರ್ಯಕ್ರಮ. ಬೇಕಾದರೆ ಎಮ್ಮೆಯ ದನಿಯಲ್ಲೂ ಹೊಗಳುವವನಿದ್ದೆ.

ಮೊದಲ ಟ್ರೇ ಹೊತ್ತು ಪಿ.ಟಿ. ಮೇಷ್ಟ್ರ ಮೇಜಿಗೆ ಹೋದೆ. ಗ್ಲಾಸಿನೊಳಗೆ ಕಡುಕಂದು, ಮೇಲೆ ಕೆನೆಬಣ್ಣದ ತೆಳು ನೊರೆ.

"ಏನಪ್ಪ ಇದು, ಕಷಾಯನಾ?"

"ರಾಗಿ ಬಿಯರ್ ಸಾರ್."

"ಲೇ, ಅಂಬಲಿ ಕುಡಿಯೋಕೆ ಹೊಳಲ್ಕೆರೆಯಿಂದ ಬರ್ಬೇಕಿತ್ತಾ ನಾನು?"

ದಂಡು ನಕ್ಕಿತು. ಗಾಜಿನ ಆಚೆ ಅಕ್ಕ ಬಿಳುಚಿಕೊಂಡು ನಿಂತಿದ್ದಳು. ಮೇಷ್ಟ್ರು ಬೇಡವೆಂದರೆ ಆ ಮೇಜು ಬೇಡವೆನ್ನುತ್ತದೆ, ಆ ಮೇಜು ಬೇಡವೆಂದರೆ ಪಕ್ಕದ ಮೇಜು ಕೇಳಿಸಿಕೊಳ್ಳುತ್ತದೆ. ಯಜಮಾನರು ಆಗಲೇ ಹುಬ್ಬೇರಿಸಿದ್ದರು. ಮೇಷ್ಟ್ರು ಪದ್ಧತಿಯಂತೆ ಉಂಗುರದ ಬೆರಳನ್ನು ಗ್ಲಾಸಿಗೆ ಅದ್ದಿ, ಹನಿಗಳನ್ನು ನೆಲಕ್ಕೆ ಸಿಡಿಸಿದರು. ಹಿರಿಯರ ಪಾಲು ಅದು. ಬೆರಳು ಒರೆಸಿಕೊಳ್ಳಲು ಹೋದವರು ಏನೋ ಅನ್ನಿಸಿ ಮೂಗಿನ ಹತ್ತಿರ ತಂದರು. ಗ್ಲಾಸೆತ್ತಿ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು.

"ಲೇ," ಅಂದರು. ದನಿ ಇಳಿದಿತ್ತು. "ಇದು ನಮ್ಮವ್ವ ಬಾಣಲೆಯಾಗೆ ರಾಗಿ ಹುರಿಯೋ ವಾಸ್ನೆ ಅಲ್ವೇನೋ!"

ಶಿಷ್ಯರು ನೋಡುತ್ತ ಕೂತರು. ಮೇಷ್ಟ್ರು ಉಳಿದದ್ದನ್ನು ಒಂದೇ ಏಟಿಗೆ ಮುಗಿಸಿ, ಗ್ಲಾಸು ಮೇಜಿಗೆ ಕುಟ್ಟಿದರು. "ಏನ್ ನೋಡ್ತೀರ್ರೋ? ಎತ್ರಿ!"

ಎತ್ತಿದರು. ಆ ಮೇಲೆ ನಡೆದದ್ದನ್ನು ಹೇಳಲು ನನ್ನಲ್ಲಿ ದನಿ ಸಾಲದು. ಹೊಸದುರ್ಗದವರು ಮೆನು ಕಾರ್ಡು ತೆರೆಯದೆಯೇ ಕೈ ಎತ್ತಿದರು. ಹಿರಿಯೂರಿನವರು ಮೊದಲ ಗ್ಲಾಸಿಗೇ ತೆಲುಗಿಗೆ ಹಾರಿದರು. ದುರ್ಗದವನೊಬ್ಬ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಅಂದ. ಯಾರೋ ಮಂಡಕ್ಕಿ ಮೆಣಸಿನಕಾಯಿ ತರಿಸಿದರು, ಇನ್ಯಾರೋ ಬಾಡು ಬಿಟ್ಟು ಅದನ್ನೇ ಕೇಳಿದರು. ನಾನು ಮೈಕು ಹಿಡಿದು ನನ್ನ ಕಾರ್ಯಕ್ರಮ ಶುರು ಮಾಡಿದರೆ ಒಬ್ಬನೂ ಕೇಳಲಿಲ್ಲ. "ಲೇ, ಮೈಕ್ ಇಟ್ಟು ಗ್ಲಾಸ್ ತಗಂಬಾರೋ!" ಎಂದು ಎಲ್ಲ ಮೇಜಿನಿಂದಲೂ ಕೂಗು. ವಾರದ ತಯಾರಿ ನೀರುಪಾಲಾಯಿತು. ಇಷ್ಟು ಸಂತೋಷವಾಗಿ ಯಾವತ್ತೂ ಅವಮಾನ ಆಗಿರಲಿಲ್ಲ.

ಬಿಸಿಲು ಇಳಿಯುವ ಮುಂಚೆಯೇ ನಲ್ಲಿ ಗೊರಗೊರ ಅಂದು, ಉಸ್ಸೆಂದು, ನಿಂತಿತು. ಟ್ಯಾಂಕು ಖಾಲಿ. ಅಕ್ಕ ಬೂಟು ಹಾಕಿದ ಕಾಲಿನಲ್ಲೇ ಹೊರಗೆ ಬಂದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೇಷ್ಟ್ರು ಬಾಯಲ್ಲೇ ಪಿ.ಟಿ. ಸೀಟಿ ಊದಿದರು. ಯಜಮಾನರು ನನ್ನ ಕೈಯಿಂದ ಮೈಕು ಕಿತ್ತುಕೊಂಡು, ಈ ರಾಗಿ ಬಿಯರಿನ ಐಡಿಯಾ ತಮಗೆ ಮೊದಲಿಂದಲೂ ಇತ್ತೆಂದು ಘೋಷಿಸಿದರು. ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ಸೀಮೆಸುಣ್ಣ ತಗೊಂಡು, ಸ್ಟೂಲು ಹತ್ತಿ, ಬೋರ್ಡಿನ ಮೇಲೆ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ದಪ್ಪಕ್ಷರದಲ್ಲಿ "ರಾಗಿ" ಅಂತ ಬರೆದಳು. ಅದರ ಕೆಳಗೊಂದು ಗೆರೆ ಎಳೆದು, ಯಜಮಾನರ ಕಡೆ ತಿರುಗಿದಳು. ವರ್ಷವೆಲ್ಲ ಮಾಡು ಎಂಬಂತೆ ಅವರು ತಲೆಯಾಡಿಸಿದರು.

ಅಷ್ಟು ಹೊತ್ತಿಗೆ ನನ್ನ ಫೋನು ಅವ್ವನಿಗೆ ಹೋಗಿತ್ತು.

"ಅವ್ವ, ಖಾಲಿ! ಪೂರ್ತಿ ಖಾಲಿ! ಅಕ್ಕನಿಗೆ ಆದಷ್ಟು ಬೇಗ ಮೊಳಕೆ ಬೇಕಂತೆ, ಯಾವಾಗ ನೆನೆ ಹಾಕ್ತೀರಾ?"

"ನಿನ್ನೇನೇ ಹಾಕಿದೀವಿ."

"ನಿನ್ನೆನಾ? ಜನ ಕುಡೀತಾರೋ ಇಲ್ವೋ ಗೊತ್ತಾಗೋಕೂ ಮುಂಚೆ?"

"ಕುಡಿದೆ ಏನ್ ಮಾಡ್ತಾರೆ? ಮಾಡಿದ್ದು ಯಾರು?" ಅಂದಳು ಅವ್ವ. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಆ ಹುಡುಗೀನ ಕೇಳು, ಈ ಸಲ ಹುರಿಯೋ ಪಾಲನ್ನ ಎಷ್ಟು ಹುರೀಬೇಕಂತೆ?"

ನಾನು ಕೇಳಿದ್ದಕ್ಕೆ ಅಕ್ಕ ಸ್ಟೂಲಿನ ಮೇಲಿಂದಲೇ ಕೂಗಿ ಹೇಳಿದಳು, ಘಮ ಬರಗಂಟ ಅಂತ. ಇಳಿದು ಬಂದು ಪೈಪಿನ ತುದಿಯನ್ನು ನನ್ನ ಕೈಗೆ ತುರುಕಿದಳು. ಇಬ್ಬರೂ ಟ್ಯಾಂಕು ತೊಳೆಯಲು ಒಳಗೆ ಹೋದೆವು.